ಗ್ರಾಫ್ ಪುನರ್ಲೇಖನ: ಎರಡು ಪ್ರಶ್ನೆಗಳು

ಪ್ರಶ್ನೆ: ಅಕ್ಷರಸರಣಿಯಲ್ಲಿ ಒಂದು ತುಣುಕನ್ನು ತೆಗೆದು ಇನ್ನೊಂದನ್ನು ಇಡುವುದು ಸುಲಭವಾಗಿ ಅರ್ಥವಾಗುತ್ತದೆ. ಅದನ್ನೇ ಗ್ರಾಫ್‌ನಲ್ಲಿ, ಅಂದರೆ ಬಿಂದುಗಳೂ ಅವನ್ನು ಜೋಡಿಸುವ ಕೊಂಡಿಗಳೂ ಸೇರಿದ ರಚನೆಯಲ್ಲಿ, ಮಾಡುವಾಗ ಪುಸ್ತಕಗಳು ‘ಎರಡು ಪುಷ್‌ಔಟ್’ ಎಂಬ ಭಾರವಾದ ಪರಿಕಲ್ಪನೆಯನ್ನು ಏಕೆ ತರುತ್ತವೆ? ನಿಯಮಗಳನ್ನು ಯಾವ ಕ್ರಮದಲ್ಲಿ ಬಳಸಿದರೂ ಒಂದೇ ಫಲಿತಾಂಶ ಬರುವುದೇ ಎಂದು ನೋಡಲು ಬೀಜೋಕ್ತಿಗಳ (3+4ರಂಥ ಉಕ್ತಿಗಳ) ಪುನರ್ಲೇಖನದಲ್ಲಿ ಇರುವ ಪರೀಕ್ಷೆಯೇ ಇಲ್ಲಿಯೂ ಸಾಲದೆ?

ಉತ್ತರ: ಅಕ್ಷರಸರಣಿಯ ತುಣುಕಿಗೆ ಎಡಬಲ ಎಂಬ ಎರಡೇ ತುದಿಗಳಿರುವುದರಿಂದ ಹೊಸ ತುಣುಕನ್ನು ಎಲ್ಲಿ ಅಂಟಿಸಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಗ್ರಾಫ್‌ನಲ್ಲಿ ಹಾಗಲ್ಲ. ನಾವು ತೆಗೆಯಹೊರಟ ಬಿಂದುವಿಗೆ ಎಲ್ಲೆಲ್ಲಿಂದಲೋ ಹತ್ತು ಕೊಂಡಿಗಳು ಬಂದು ಸೇರಿರಬಹುದು, ಮತ್ತು ಬಿಂದುವನ್ನು ಅಳಿಸಿದ ಮೇಲೆ ಅವು ಯಾವುದಕ್ಕೂ ಸೇರದೆ ಜೋತುಬೀಳುತ್ತವೆ. ಆದ್ದರಿಂದ ಎಡಭಾಗ (ತೆಗೆಯಬೇಕಾದ ತುಣುಕು), ಬಲಭಾಗ (ಅದರ ಜಾಗಕ್ಕೆ ಬರುವ ತುಣುಕು) ಇವೆರಡನ್ನೇ ಹೇಳಿದರೆ ನಿಯಮ ಪೂರ್ಣವಾಗುವುದಿಲ್ಲ. ಎರಡರಲ್ಲೂ ಸಮಾನವಾಗಿ ಇದ್ದು ಉಳಿಯುವ ಭಾಗ ಯಾವುದು ಎಂಬುದನ್ನೂ ಹೇಳಬೇಕು. ಏರಿಗ್, ಫೆಂಡರ್ ಮತ್ತು ಶ್ನೈಡರ್ 1973ರಲ್ಲಿ ಮುಂದಿಟ್ಟ ಬೀಜಗಣಿತೀಯ ವಿಧಾನದ ತಿರುಳು ಈ ಮೂರನೆಯ ಭಾಗವೇ. ಪುಷ್‌ಔಟ್ ಎಂದರೆ ಇಲ್ಲಿ ಎರಡು ಗ್ರಾಫ್‌ಗಳನ್ನು ಒಂದು ಸಾಮಾನ್ಯ ಭಾಗದ ಮೇಲೆ ಅಂಟಿಸುವುದು, ಅಷ್ಟೇ. ಎಡಭಾಗವನ್ನು ಅಂಟಿಸಿದರೆ ಮೂಲ ಗ್ರಾಫ್ ಮರಳಿ ಬರುವಂಥ ಒಂದು ನಡುವಣ ಗ್ರಾಫನ್ನು ಮೊದಲು ಹುಡುಕಿ, ಅದೇ ಜಾಗದಲ್ಲಿ ಬಲಭಾಗವನ್ನು ಅಂಟಿಸುತ್ತೇವೆ. ಹೆಸರು ಹೆದರಿಸುವಷ್ಟು ಕೆಲಸ ಹೆದರಿಸುವುದಿಲ್ಲ.

ನಿಯಮಕ್ಕೆ ಗೊತ್ತಿಲ್ಲದ ಕೊಂಡಿಯೊಂದು ಅಳಿಯಬೇಕಾದ ಬಿಂದುವಿಗೆ ತಗುಲಿಕೊಂಡಿದ್ದರೆ ಅಂಥ ನಡುವಣ ಗ್ರಾಫೇ ಇರುವುದಿಲ್ಲ, ಹಾಗಾಗಿ ಆ ಜಾಗದಲ್ಲಿ ನಿಯಮ ಅನ್ವಯಿಸುವುದೂ ಇಲ್ಲ. ಲೋವೆ 1993ರಲ್ಲಿ ವಿವರವಾಗಿ ಪ್ರತಿಪಾದಿಸಿದ ಒಂದೇ ಪುಷ್‌ಔಟ್‌ನ ವಿಧಾನವು ಇದಕ್ಕೆ ವಿರುದ್ಧವಾಗಿ, ಜೋತುಬಿದ್ದ ಕೊಂಡಿಗಳನ್ನೂ ಬಿಂದುವಿನ ಜೊತೆಗೇ ಅಳಿಸಿಬಿಡುತ್ತದೆ. ಎರಡರಲ್ಲಿ ನನಗೆ ಹೆಚ್ಚು ನಂಬಿಕೆ ಮೊದಲನೆಯದರ ಮೇಲೆ, ಏಕೆಂದರೆ ನಿಯಮದಲ್ಲಿ ಬರೆಯದೇ ಇರುವುದನ್ನು ಅದು ಮುಟ್ಟುವುದಿಲ್ಲ.

ಪ್ರಶ್ನೆಯ ಎರಡನೆಯ ಭಾಗಕ್ಕೆ ಬರೋಣ. ಬೀಜೋಕ್ತಿಗಳ ಪುನರ್ಲೇಖನ ಎಲ್ಲಿಂದ ಆರಂಭಿಸಿದರೂ ಕೊನೆಗೊಳ್ಳುವುದಾದರೆ, ನಿಯಮಗಳ ಎಡಭಾಗಗಳು ಒಂದರ ಮೇಲೊಂದು ಬೀಳುವ ಸಂದರ್ಭಗಳನ್ನಷ್ಟೇ ಪರೀಕ್ಷಿಸಿದರೆ ಸಾಕು ಎಂಬುದು 1942ರ ನ್ಯೂಮನ್ ಪ್ರಮೇಯ ಮತ್ತು 1970ರ ಕ್ನೂತ್–ಬೆಂಡಿಕ್ಸ್ ವಿಧಾನದಿಂದ ತಿಳಿದಿದೆ. ಆ ಒಂದೊಂದು ಸಂದರ್ಭದಲ್ಲಿಯೂ ಕವಲೊಡೆದ ಎರಡು ದಾರಿಗಳು ಮತ್ತೆ ಕೂಡಿದರೆ, ಎಲ್ಲೆಡೆಯೂ ಕೂಡುತ್ತವೆ. ಗ್ರಾಫ್‌ಗಳಲ್ಲಿ ಇದು ಸುಳ್ಳಾಗುತ್ತದೆ. ಕ ಬಿಂದುವಿನಿಂದ ಗ ಬಿಂದುವಿಗೆ ಒಂದು ಕೆಂಪು ಕೊಂಡಿ ಇದೆ ಎನ್ನಿ. ಮೊದಲ ನಿಯಮ ಕೆಂಪು ಕೊಂಡಿಯನ್ನು ಅಳಿಸಿ, ಅದು ಹೊರಟ ಬಿಂದುವಿನ ಮೇಲೆ ಹಸಿರು ಉಂಗುರವೊಂದನ್ನು, ಅಂದರೆ ಅದೇ ಬಿಂದುವಿಗೆ ಮರಳುವ ಹಸಿರು ಕೊಂಡಿಯನ್ನು ಇಡುತ್ತದೆ. ಎರಡನೆಯ ನಿಯಮ ಆ ಉಂಗುರವನ್ನು ಕೊಂಡಿ ತಲುಪಿದ ಬಿಂದುವಿನ ಮೇಲೆ ಇಡುತ್ತದೆ. ಪ್ರತಿ ಹೆಜ್ಜೆಗೂ ಒಂದು ಕೆಂಪು ಕೊಂಡಿ ಕಡಿಮೆಯಾಗುವುದರಿಂದ ಇದು ಎಂದಿದ್ದರೂ ನಿಲ್ಲುತ್ತದೆ. ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡರಲ್ಲೂ ಉಂಗುರವಿರುವ ಒಂದು ಬಿಂದು ಮತ್ತು ಬರಿಯ ಒಂದು ಬಿಂದು ಇವೆ. ಬಿಂದುಗಳ ಹೆಸರನ್ನು ಗಣಿಸದಿದ್ದರೆ ಅವು ಒಂದೇ ಗ್ರಾಫ್. ಪರೀಕ್ಷೆ ತೇರ್ಗಡೆಯಾಯಿತು. ಈಗ ಆರಂಭದಲ್ಲಿಯೇ ಕ ಮೇಲೆ ಒಂದು ನೀಲಿ ಉಂಗುರವನ್ನು ಇಟ್ಟು ಮತ್ತೆ ನೋಡಿ. ಮೊದಲ ದಾರಿಯಲ್ಲಿ ನೀಲಿ ಹಸಿರು ಎರಡೂ ಕ ಮೇಲೆಯೇ ಸೇರುತ್ತವೆ, ಎರಡನೆಯ ದಾರಿಯಲ್ಲಿ ನೀಲಿ ಒಂದು ಬಿಂದುವಿನಲ್ಲಿ, ಹಸಿರು ಇನ್ನೊಂದರಲ್ಲಿ ಉಳಿಯುತ್ತದೆ. ಇವೆರಡು ಎಂದಿಗೂ ಕೂಡಲಾರವು.

ಆದ್ದರಿಂದ ಫಲಿತಾಂಶಗಳು ಒಂದೇ ಆಕಾರದಲ್ಲಿದ್ದರೆ ಸಾಲದು. ಕವಲಿನ ಎರಡೂ ಬದಿಯಲ್ಲಿ ಅಳಿಯದೆ ಉಳಿದ ಬಿಂದುಗಳು ತಮ್ಮ ತಮ್ಮ ಸ್ಥಾನಕ್ಕೇ ಹೊಂದಬೇಕು. ಈ ಬಿಗಿಯಾದ ಷರತ್ತು ಈಡೇರಿದರೆ ಸಾಕು, ಆದರೆ ಈಡೇರಲೇಬೇಕೆಂದಿಲ್ಲ. ಪ್ಲುಂಪ್ 1993ರಲ್ಲಿ ತೋರಿಸಿದಂತೆ, ಕೊನೆಗೊಳ್ಳುವ ಗ್ರಾಫ್ ನಿಯಮಗಳಿಗೂ ಈ ಏಕಫಲಿತಾಂಶದ ಗುಣವಿದೆಯೇ ಎಂದು ಎಲ್ಲ ಸಂದರ್ಭಗಳಲ್ಲಿ ತೀರ್ಮಾನಿಸಬಲ್ಲ ಅಲ್ಗಾರಿದಮ್ ಇರಲು ಸಾಧ್ಯವೇ ಇಲ್ಲ.

ಪ್ರಶ್ನೆ: ಇಷ್ಟೊಂದು ತೊಡಕಿದ್ದರೂ ಬೀಜೋಕ್ತಿಗಳನ್ನು ಬಿಟ್ಟು ಗ್ರಾಫ್‌ಗಳಿಗೆ ಏಕೆ ಹೋಗಬೇಕು?

ಉತ್ತರ: ಹಂಚಿಕೊಳ್ಳುವುದಕ್ಕಾಗಿ. 3+4ರ ವರ್ಗ, ಅದರ ವರ್ಗ, ಹೀಗೆ ಹತ್ತು ಸಲ ವರ್ಗ ಮಾಡಿದ ಉಕ್ತಿಯನ್ನು ತೆಗೆದುಕೊಳ್ಳಿ. ‘ವರ್ಗ ಎಂದರೆ ತನ್ನನ್ನು ತನ್ನಿಂದಲೇ ಗುಣಿಸುವುದು’ ಎಂಬ ನಿಯಮದಿಂದ ಹೊರಗಿನಿಂದ ಒಳಕ್ಕೆ ಬಿಡಿಸುತ್ತ ಹೋದರೆ, ಪ್ರತಿ ಸಲವೂ ನಕಲು ಇಮ್ಮಡಿಯಾಗಿ 3+4 ಒಟ್ಟು 1024 ಕಡೆ ಬಂದು ಕೂರುತ್ತದೆ. ಗ್ರಾಫ್‌ನಲ್ಲಿ ನಕಲು ಮಾಡುವ ಬದಲು ಗುಣಾಕಾರದ ಬಿಂದುವಿನಿಂದ ಒಂದೇ ಬಿಂದುವಿಗೆ ಎರಡು ಕೊಂಡಿಗಳನ್ನು ಎಳೆಯುತ್ತೇವೆ. ಹತ್ತು ಗುಣಾಕಾರ, ಒಂದು ಸಂಕಲನಕ್ಕೆ ಲೆಕ್ಕ ಮುಗಿಯುತ್ತದೆ. ವಾಡ್ಸ್‌ವರ್ತ್ 1971ರಲ್ಲಿ ಲ್ಯಾಂಬ್ಡಾ ಕಲನಕ್ಕೆ (ಫಂಕ್ಷನ್‌ಗಳಿಂದಲೇ ಲೆಕ್ಕ ಮಾಡುವ ಪದ್ಧತಿಗೆ) ಗ್ರಾಫ್ ಸಂಕ್ಷೇಪಣವನ್ನು, ಅಂದರೆ ಹೀಗೆ ಹಂಚಿಕೊಂಡು ಬಿಡಿಸುವ ವಿಧಾನವನ್ನು, ರೂಪಿಸಿದ್ದು ಈ ಕಾರಣಕ್ಕಾಗಿಯೇ, ಮತ್ತು ಬೇಕಾದಾಗ ಮಾತ್ರ ಲೆಕ್ಕ ಮಾಡುವ ಫಂಕ್ಷನಲ್ ಭಾಷೆಗಳ ಅನುಷ್ಠಾನ ಇಂದಿಗೂ ಆ ಹಾದಿಯಲ್ಲಿಯೇ ಇದೆ.