ಮೊದಲು ಹೂವು, ಆಮೇಲೆ ಮಾಲ್

ಪ್ರಶ್ನೆ: ಮಾರ್ಚ್‌ನಲ್ಲಿ ನಾನು ಮತ್ತು ನನ್ನ ಮನೆಯವರು ಲಾಸ್ ಏಂಜಲೀಸ್ ಹತ್ತಿರದ ಮಗನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿನ ಕನ್ನಡದ ಹುಡುಗರು ಊರಿಂದ ಬಂದ ಅಪ್ಪ ಅಮ್ಮಂದಿರಿಗೆಲ್ಲ ಸೇರಿಸಿ ಏಪ್ರಿಲ್ ಮೊದಲ ಶನಿವಾರ ಬಸ್ ಮಾಡಿದ್ದಾರಂತೆ. ಆಂಟಿಲೋಪ್ ವ್ಯಾಲಿಯ ಗುಡ್ಡಗಳಲ್ಲಿ ತಾನಾಗಿ ಅರಳುವ ಕಿತ್ತಳೆ ಬಣ್ಣದ ಪಾಪಿ (poppy) ಹೂವು ನೋಡುವುದಕ್ಕೆ. ಬೆಳಿಗ್ಗೆ ಎಂಟಕ್ಕೆ ಹೊರಟು ಮೊದಲು ಔಟ್‌ಲೆಟ್ ಮಾಲ್, ಅಲ್ಲೇ ಊಟ, ಮಧ್ಯಾಹ್ನ ಮೂರಕ್ಕೆ ಹೂವು ಅಂತ ಮಗ ಹೇಳಿದ. ನಮ್ಮ ಮನೆಯವರಿಗೆ ಮಂಡಿನೋವು. ಹೋಗಬಹುದಾ ಮೇಡಂ? ಹೂವು ಗ್ಯಾರಂಟಿ ಇರುತ್ತಾ?
– ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಖಂಡಿತ ಹೋಗಿ ಸರ್. ಆದರೆ ಆ ಬಸ್ಸಿನ ಕಾರ್ಯಕ್ರಮವನ್ನು ತಿರುವುಮುರುವು ಮಾಡಿಸಿ, ಆಮೇಲೆ ಹೋಗಿ.

ಮಧ್ಯಾಹ್ನ ಮೂರಕ್ಕೆ ಹೂವು ಅಂತ ಬರೆದ ಪುಣ್ಯಾತ್ಮರು ಆ ಬಯಲಿನ ಗಾಳಿಗೆ ಮುಖ ಕೊಟ್ಟವರಲ್ಲ ಅನಿಸುತ್ತದೆ. ಆಂಟಿಲೋಪ್ ವ್ಯಾಲಿ ಅಂದರೆ ಮೊಹಾವಿ ಮರುಭೂಮಿಯ ಪಶ್ಚಿಮದ ಅಂಚು. ಪಾಪಿ ಮೀಸಲು ಪ್ರದೇಶ ಲ್ಯಾಂಕಾಸ್ಟರ್ ಊರಿನಿಂದಾಚೆ, ಸಮುದ್ರಮಟ್ಟದಿಂದ 2,600 ಅಡಿಗಿಂತ ಮೇಲಿದೆ. ಮಧ್ಯಾಹ್ನವಾದರೆ ಗಾಳಿ ಏಳುವುದು ಅಲ್ಲಿ ಮಾಮೂಲು. ಗಾಳಿ, ಮೋಡ, ಚಳಿ ಯಾವುದಾದರೂ ಜೋರಾದರೆ ಕ್ಯಾಲಿಫೋರ್ನಿಯಾ ಪಾಪಿ ತನ್ನ ನಾಲ್ಕು ಎಸಳನ್ನೂ ಸುತ್ತಿಕೊಂಡು ಮಡಚಿಟ್ಟ ಕೊಡೆಯ ಹಾಗೆ ನಿಂತುಬಿಡುತ್ತದೆ. ಸಂಜೆಗಂತೂ ಸರಿಯೇ ಸರಿ, ಮುಚ್ಚುತ್ತದೆ. ಹೂವು ಇದ್ದೂ ಗುಡ್ಡ ಬರೀ ಹಸಿರು ಕಾಣುತ್ತದೆ. ಮಾಲ್‌ನಲ್ಲಿ ಸೂಟ್‌ಕೇಸ್ ಕೊಂಡು ಮೂರೂವರೆಗೆ ಬಂದಿಳಿದ ಅತ್ತೆ ಮಾವಂದಿರು 'ಇದಕ್ಕಾ ಇಷ್ಟು ದೂರ ಬಂದಿದ್ದು' ಅಂತ ಗೊಣಗಿದ್ದನ್ನು ನಾನೇ ಕೇಳಿದ್ದೇನೆ.

ಹಾಗಂತ ಕತ್ತಲಲ್ಲೆದ್ದು ಹೊರಡುವುದೂ ದಂಡ. ಬಿಸಿಲು ಬಿದ್ದ ಮೇಲೆಯೇ ಎಸಳು ಬಿಚ್ಚುವುದು. ಎಂಟಕ್ಕೆ ಹೊರಟು ಸೀದಾ ಅಲ್ಲಿಗೆ ಹೋದರೆ ಹತ್ತರ ಹೊತ್ತಿಗೆ ಮುಟ್ಟಬಹುದು. ಹತ್ತರಿಂದ ಒಂದರವರೆಗೆ ನೋಡಿ, ತಂದ ಚಿತ್ರಾನ್ನ, ಮೊಸರನ್ನ ತಿಂದು, ಆಮೇಲೆ ಮಾಲ್‌ಗೆ ಹೋಗಲಿ. ಮಾಲ್ ಸಂಜೆಗೆ ಮುದುಡುವುದಿಲ್ಲ.

ಇನ್ನು ಶನಿವಾರದ ವಿಷಯ. ಬಸ್ಸಲ್ಲಿ ಕೂರುವವರೆಲ್ಲ ನಿವೃತ್ತರು. ಶನಿವಾರ ಯಾಕೆ ಬೇಕು? ಮಕ್ಕಳು ಬಸ್ ಹತ್ತಿಸಲು ಬರಬೇಕಲ್ಲ, ಅದಕ್ಕೆ! ಒಳ್ಳೆಯ ವರ್ಷದಲ್ಲಿ ವಾರಾಂತ್ಯವಾದರೆ ಆ ರಸ್ತೆಯ ಎರಡೂ ಬದಿ ಕಾರು, ದೊಡ್ಡ ಬಸ್ಸು ತಿರುಗಿಸುವುದೂ ಕಷ್ಟ. ಮಂಗಳವಾರವೋ ಬುಧವಾರವೋ ಮಾಡಲು ಹೇಳಿ. ಬಸ್ಸಿಗೆ ಜಾಗ ಉಂಟಾ, ಮೊದಲೇ ತಿಳಿಸಬೇಕಾ ಅಂತ ಮೀಸಲು ಪ್ರದೇಶದವರನ್ನೇ ಒಂದು ಮಾತು ಕೇಳಿಕೊಳ್ಳಲಿ.

ಗ್ಯಾರಂಟಿ ಕೇಳಿದಿರಿ. ಯಾರೂ ಕೊಡಲಾರರು ಸರ್. ಅಲ್ಲಿ ಯಾರೂ ನೀರು ಹಾಯಿಸುವುದಿಲ್ಲ, ಬೀಜ ಬಿತ್ತುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಮಳೆಗಾಲ ಚಳಿಗಾಲವೇ. ಆ ಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ನೆಲದಲ್ಲಿ ಮಲಗಿದ್ದ ಬೀಜ ಏಳುತ್ತದೆ, ಇಲ್ಲದಿದ್ದರೆ ಇನ್ನೊಂದು ವರ್ಷಕ್ಕೆ ಕಾಯುತ್ತದೆ. 2019, 2023 ಎರಡೂ ಭರ್ಜರಿ ವರ್ಷಗಳು. ಒಣ ವರ್ಷದಲ್ಲಿ ಅಲ್ಲೊಂದು ಇಲ್ಲೊಂದು. ಹಾಗಾಗಿ ಊರಿಂದ ಹೊರಡುವ ಮುಂಚೆಯೇ ತಾರೀಕು ಗಟ್ಟಿ ಮಾಡಿದ ಬಸ್ಸಿಗಿಂತ, ಹತ್ತು ದಿನ ಮುಂಚೆ ನಿರ್ಧರಿಸುವ ಬಸ್ಸು ಮೇಲು. ಥಿಯೊಡೋರ್ ಪೇನ್ ಫೌಂಡೇಶನ್ ಅಂತ ಇದೆ, ಸ್ಥಳೀಯ ಗಿಡಗಳ ಸಂಸ್ಥೆ. ಯಾವ ಕಡೆ ಏನು ಅರಳಿದೆ ಅಂತ ಹೇಳುವ ಅವರ ಫೋನ್ ಹಾಟ್‌ಲೈನ್ 1983ರಿಂದ ನಡೆದಿದೆ. ವಸಂತದಲ್ಲಿ ಪ್ರತಿ ಶುಕ್ರವಾರ ಹೊಸ ಸುದ್ದಿ. ಮೀಸಲು ಪ್ರದೇಶದ್ದೇ ಲೈವ್ ಕ್ಯಾಮೆರಾ ಕೂಡ ನೆಟ್‌ನಲ್ಲಿದೆ. ಮಗನಿಗೆ ಹೇಳಿ, ಕಾಫಿ ಕುಡಿಯುತ್ತಾ ಗುಡ್ಡದ ಬಣ್ಣ ನೋಡಬಹುದು. ಪಾಪಿ ಕಡಿಮೆಯಿದ್ದರೂ ಬೇಜಾರಾಗಬೇಡಿ. ನೆಲಕ್ಕಂಟಿದ ಹಳದಿ ಗೋಲ್ಡ್‌ಫೀಲ್ಡ್ಸ್, ನೀಲಿ ಲೂಪಿನ್ ಸಿಗಬಹುದು. ನನಗಂತೂ ಕಿತ್ತಳೆಯ ನಡುವೆ ಆ ನೀಲಿಯೇ ಇಷ್ಟ.

ಮಂಡಿನೋವಿಗೆ ಹೆದರಬೇಡಿ. ಕಾಲುದಾರಿ ಒಟ್ಟು 8 ಮೈಲಿ ಇದೆ, ಆದರೆ ಅದರಲ್ಲಿ ಒಂದು ತುಂಡು ಗಾಲಿಕುರ್ಚಿಯೂ ಹೋಗುವ ಹಾಗೆ ಟಾರು ಹಾಕಿದ ದಾರಿ. ಅಮ್ಮನವರು ಅಲ್ಲಿ ಅಡ್ಡಾಡಿದರೆ ಸಾಕು. ನೆರಳು ಇಲ್ಲವೇ ಇಲ್ಲ ಎನ್ನಿ. ಸ್ವೆಟರ್, ಕಿವಿ ಮುಚ್ಚುವ ಸ್ಕಾರ್ಫ್, ನೀರು ಕೈಯಲ್ಲಿರಲಿ. ಸೀರೆಗಿಂತ ಚೂಡಿದಾರ್ ವಾಸಿ, ಗಾಳಿಯಲ್ಲಿ ಸೆರಗು ಹಿಡಿಯುವುದೇ ಕೆಲಸವಾಗುತ್ತದೆ. ಫೋಟೋಕ್ಕೆ ಅಂತ ದಾರಿ ಬಿಟ್ಟು ಹೂವಿನೊಳಗೆ ಇಳಿಯಬೇಡಿ. ತುಳಿದ ಜಾಗದಲ್ಲಿ ಮತ್ತೆ ಗಿಡ ಬರುವುದು ಕಷ್ಟ, ಮೇಲಾಗಿ ವಿಷದ ಬುಡುಬುಡಿಕೆ ಹಾವಿನ (ರ್ಯಾಟಲ್‌ಸ್ನೇಕ್) ಕಾಟ. 2019ರಲ್ಲಿ ಲೇಕ್ ಎಲ್ಸಿನೋರ್ ಊರಿನ ವಾಕರ್ ಕಣಿವೆಗೆ ಜನ ಹೀಗೇ ನುಗ್ಗಿದ್ದರಿಂದ, 2023ರಲ್ಲಿ ಹೂವು ಬಂದಾಗ ಊರಿನ ಆಡಳಿತದವರು ಕಣಿವೆಯನ್ನೇ ಮುಚ್ಚಿದರು.

ಪ್ರಶ್ನೆ: ನಾವೂ ಅದೇ ಬಸ್ಸಿಗೆ ಹೆಸರು ಕೊಟ್ಟಿದ್ದೇವೆ. ದೇವರಿಗೆ ಅಂತ ನಾಲ್ಕು ಹೂವು ಕಿತ್ತರೆ ತಪ್ಪಾ? ಬೀಜವಾದರೂ ತಂದು ಬೆಂಗಳೂರಿನ ಟೆರೇಸಲ್ಲಿ ಹಾಕಬಹುದಾ?
– ಗೃಹಿಣಿ, ಬಸವನಗುಡಿ

ಉತ್ತರ: ತಪ್ಪು ಅಮ್ಮ. ಅದು ಸರ್ಕಾರಿ ಪಾರ್ಕು, ಅಲ್ಲಿ ಕೀಳುವುದು ಕಾನೂನುಬಾಹಿರ. ಪಾಪಿ 1903ರಿಂದ ಕ್ಯಾಲಿಫೋರ್ನಿಯಾದ ರಾಜ್ಯಪುಷ್ಪ ಬೇರೆ. ಕಾನೂನು ಹಾಗಿರಲಿ, ಕಿತ್ತ ಹೂವು ಮನೆ ಸೇರುವುದರೊಳಗೆ ಎಸಳು ಉದುರಿಸಿರುತ್ತದೆ. ದೇವರಿಗೆ ಬರೀ ಕಡ್ಡಿ ಏರಿಸುತ್ತೀರಾ?

ಬೀಜವನ್ನೂ ಅಲ್ಲಿಂದ ತರಬೇಡಿ. ಹೊರದೇಶದ ಬೀಜ ತರಲು ಅನುಮತಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕು. ಅದರ ಬದಲು ಇಲ್ಲೇ ಬೀಜದಂಗಡಿಯಲ್ಲಿ ಎಶ್‌ಶೋಲ್ಜಿಯಾ (ಇದೇ ಪಾಪಿಯ ಸಸ್ಯಶಾಸ್ತ್ರದ ಹೆಸರು) ಅಂತ ಕೇಳಿ, ಚಳಿಗಾಲದ ಹೂವಿನ ಬೀಜಗಳ ಜೊತೆ ಇರುತ್ತದೆ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ, ಬೆಳೆಯಬೇಕಾದ ಕುಂಡದಲ್ಲೇ ಹಾಕಿ. ಸಸಿ ಕಿತ್ತು ನೆಟ್ಟರೆ ಬೇರು ಒಪ್ಪುವುದಿಲ್ಲ. ಮರಳು ಬೆರೆತ ಮಣ್ಣು, ಪೂರ್ತಿ ಬಿಸಿಲು, ಕಡಿಮೆ ನೀರು. ಗೊಬ್ಬರ ಜಾಸ್ತಿ ಕೊಟ್ಟರೆ ಸುಮ್ನೆ ಎಲೆ ಬೆಳೆಸುತ್ತದೆ.