ಯಂತ್ರ ಆಮೇಲೆ, ಮೊದಲು ಒಂದು ಮಣೆ ಮಾಡಿ

‘ಮೈಸೂರಿನಲ್ಲಿ ಬಾಡಿಗೆ ಮನೆ, ವಾರಕ್ಕೆ ಒಂದೇ ದಿನ ಬಿಡುವು, ಕೈಯಲ್ಲಿ 30,000 ರೂಪಾಯಿ ಇದೆ. ಹವ್ಯಾಸಕ್ಕೆ ಮರಗೆಲಸ ಕಲಿಯಬೇಕು. ಮೊದಲು ಯಾವ ಯಂತ್ರ ಕೊಳ್ಳಲಿ, ಏನು ಮಾಡಿ ಆರಂಭಿಸಲಿ?’ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಂತ್ರ ಯಾವುದೂ ಬೇಡ. ಒಂದು ಮಣೆ ಮಾಡಿ. ಊಟಕ್ಕೆ ಕೂರುತ್ತೇವಲ್ಲ, ಹಸೆಗೆ ಹಾಕುತ್ತೇವಲ್ಲ, ಅದೇ ಮಣೆ. ಒಂದು ಹಲಗೆ, ಅದರ ಕೆಳಗೆ ಎರಡು ಪಟ್ಟಿ. ನೋಡಲು ಇಷ್ಟೇ. ಆದರೆ ಮರದ ಬಗ್ಗೆ ಮೊದಲು ತಿಳಿಯಬೇಕಾದದ್ದನ್ನು ಅದರಷ್ಟು ಚೆನ್ನಾಗಿ ಕಲಿಸುವ ವಸ್ತು ಇನ್ನೊಂದಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಊರು ಪಾಂಡವಪುರದ ಕಡೆ, ಮನೆ ಮೈಸೂರಿನ ಕುವೆಂಪುನಗರದಲ್ಲಿ. ಹಿತ್ತಿಲಲ್ಲಿ ತಗಡಿನ ಮಾಡಿನ ಕೆಳಗೆ ಎಂಟಡಿ ಉದ್ದ, ಆರಡಿ ಅಗಲದ ಜಾಗ ನನ್ನ ಕಾರ್ಯಾಗಾರ. ಹನ್ನೊಂದು ವರ್ಷಗಳಿಂದ ಭಾನುವಾರ ಬೆಳಗಿನ ಹೊತ್ತು ಅಲ್ಲೇ ಕಳೆಯುತ್ತೇನೆ.

ನನ್ನ ಮೊದಲ ಮಣೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನಿಮಗೆ ಬೇಕಾದದ್ದೆಲ್ಲ ಅದರಲ್ಲಿದೆ. ಆಷಾಢದ ಮಳೆಯಲ್ಲಿ ಒಂದಡಿ ಅಗಲದ ತೇಗದ ಹಲಗೆ ತಂದೆ. ಕೆಳಗೆ ಎರಡು ಪಟ್ಟಿ ಇಟ್ಟು, ಅಂಟು ಬಳಿದು, ಒಂದೊಂದು ಪಟ್ಟಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದೆ. ಅಲ್ಲಾಡದಂತೆ ಕೂತಿತು. ದೀಪಾವಳಿಗೆ ಅದರ ಮೇಲೆ ಕೂತು ಎಣ್ಣೆ ಹಚ್ಚಿಸಿಕೊಂಡೆವು. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಹೋಗಿ ನೋಡಿದರೆ ಗೋಡೆಗೆ ಒರಗಿಸಿಟ್ಟ ಮಣೆ ನಟ್ಟನಡುವೆ ಉದ್ದಕ್ಕೂ ಸೀಳಿತ್ತು. ಯಾರೂ ಮುಟ್ಟಿರಲಿಲ್ಲ.

ಅದನ್ನು ಊರಿಗೆ ಒಯ್ದು ಆಚಾರರಿಗೆ ತೋರಿಸಿದೆ. ಗಾಡಿ, ನೇಗಿಲು, ಬಾಗಿಲುವಾಡ ಎಲ್ಲವನ್ನೂ ಮಾಡಿದ ಕೈ ಅವರದು. ಮಣೆಯನ್ನು ಮಗುಚಿ ಸ್ಕ್ರೂಗಳನ್ನು ಬೆರಳಿನಿಂದ ಎಣಿಸಿದರು. ‘ಮೇಷ್ಟ್ರೇ, ಎಂಟು ಕಡೆ ಕಟ್ಟಿಹಾಕಿದ್ದೀರಿ. ಬೇಸಿಗೆಯಲ್ಲಿ ಹಲಗೆ ಕುಗ್ಗಬೇಕು ಅಂದರೆ ಎಲ್ಲಿಂದ ಕುಗ್ಗಬೇಕು?’ ಎಂದು ಕೇಳಿ, ಒಳಗಿನಿಂದ ತಮ್ಮ ಮನೆಯ ಹಳೆಯ ಹಲಸಿನ ಮಣೆ ತಂದು ಪಕ್ಕದಲ್ಲಿಟ್ಟರು. ಹೊಸದರಲ್ಲಿ ಅರಿಶಿನದಂತಿದ್ದ ಮರ ವರ್ಷಗಳು ಕಳೆದು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಒಂದು ಮೊಳೆಯೂ ಇಲ್ಲ. ಹಲಗೆಯ ಕೆಳಮೈಯಲ್ಲಿ ಅಡ್ಡಲಾಗಿ ಎರಡು ತೋಡು ತೆಗೆದಿದ್ದರು. ತೋಡಿನ ಬಾಯಿ ಕಿರಿದು, ಒಳಗೆ ಹೋದಂತೆ ಅಗಲ. ಪಟ್ಟಿಯ ಅಂಚನ್ನೂ ಅದೇ ಆಕಾರಕ್ಕೆ ಕೆತ್ತಿ, ಪಕ್ಕದಿಂದ ತೂರಿಸಿ, ಕೊಡತಿಯಿಂದ ತಟ್ಟಿ ಕೂರಿಸಿದ್ದರು. ಪಟ್ಟಿ ಕೆಳಕ್ಕೆ ಬೀಳುವಂತಿಲ್ಲ, ಹಲಗೆ ಡೊಂಕಾಗುವಂತಿಲ್ಲ. ಆದರೆ ಅಗಲದ ದಿಕ್ಕಿನಲ್ಲಿ ಹಲಗೆ ತನ್ನ ಪಾಡಿಗೆ ಹಿಗ್ಗಬಹುದು, ಕುಗ್ಗಬಹುದು. ಪಟ್ಟಿಯ ತುದಿ ಹಲಗೆಯ ಅಂಚಿಗಿಂತ ಕೂದಲೆಳೆಯಷ್ಟು ಹೊರಗೆ ಚಾಚಿತ್ತು. ಅದರ ಮೇಲೆ ನನ್ನ ಬೆರಳು ಇಡಿಸಿ, ‘ಮಳೆ ಹಿಡಿದ ಮೇಲೆ ಬಂದು ಮುಟ್ಟಿ, ಇದು ಸಮವಾಗಿರುತ್ತದೆ’ ಎಂದರು. ಆಗಸ್ಟಿನಲ್ಲಿ ಹೋಗಿ ಮುಟ್ಟಿದೆ. ಸಮವಾಗಿತ್ತು.

ಇದರ ಕಾರಣ ಸರಳ. ಮರದ ನಾರು ಗಾಳಿಯ ತೇವವನ್ನು ಹೀರುತ್ತದೆ, ಒಣಹವೆಯಲ್ಲಿ ಬಿಡುತ್ತದೆ. ಕಡಿದು ಎಷ್ಟು ವರ್ಷವಾದರೂ ಈ ಆಟ ನಿಲ್ಲುವುದಿಲ್ಲ. ಉದ್ದದ ದಿಕ್ಕಿನಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಹೆಚ್ಚು. ಅಗಲದಲ್ಲೂ ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನದಕ್ಕಿಂತ ಸುಮಾರು ಎರಡು ಪಟ್ಟು. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ, ಮಾರ್ಚ್‌-ಏಪ್ರಿಲ್‌ನಲ್ಲಿ ಒಣಬಿಸಿಲು. ಒಂದಡಿ ಅಗಲದ ತೇಗದ ಹಲಗೆ ಇದರ ನಡುವೆ 2 ಮಿಲಿಮೀಟರ್ ಹೆಚ್ಚುಕಡಿಮೆಯಾಗುವುದು ಸಹಜ. ತೇಗ ಕಡಿಮೆ ಹಿಗ್ಗಿ ಕುಗ್ಗುವ ಮರ, ಅದೇ ಇಷ್ಟು ಬದಲಾಗುತ್ತದೆ. ನನ್ನ ಪಟ್ಟಿಯ ಉದ್ದ ಬದಲಾಗಲಿಲ್ಲ, ಹಲಗೆಯ ಅಗಲ ಬದಲಾಗಲು ಹೊರಟಿತು, ಸ್ಕ್ರೂಗಳು ಬಿಡಲಿಲ್ಲ. ಮರಕ್ಕೆ ಸೀಳುವುದೊಂದೇ ದಾರಿಯಾಯಿತು.

ಹಾಗಾದರೆ ನೀವು ಹೇಗೆ ಮಾಡಬೇಕು? ಆಚಾರರ ತೋಡು ಮೊದಲ ಸಲಕ್ಕೆ ಕಷ್ಟ. ಪಟ್ಟಿಯಲ್ಲಿ ಮೂರು ತೂತು ಕೊರೆಯಿರಿ. ನಡುವಿನದು ದುಂಡಗಿರಲಿ. ಎರಡು ಬದಿಯವನ್ನು ಪಟ್ಟಿಯ ಉದ್ದದ ದಿಕ್ಕಿಗೆ ಎಳ್ಳಿನ ಕಾಳಿನ ಆಕಾರದಲ್ಲಿ ಉದ್ದವಾಗಿಸಿ, ಸ್ಕ್ರೂ ಕೆಳಗೆ ವಾಷರ್ ಇಟ್ಟು, ಹಿಡಿಯುವಷ್ಟೇ ತಿರುಗಿಸಿ. ಅಂಟು ಹಾಕಲೇಬೇಕೆಂದರೆ ನಡುವೆ ಒಂದು ಅಂಗುಲಕ್ಕೆ ಮಾತ್ರ. ಹಲಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪವಿದ್ದರೆ ಸಾಕು. ಮೂಲೆಗಳನ್ನು ಗುಂಡಗೆ ಮಾಡಿ, ಕೂತವರ ತೊಡೆಗೆ ಒತ್ತಬಾರದು. ಎರಡನೆಯ ಅಥವಾ ಮೂರನೆಯ ಮಣೆಗೆ ತೋಡು ಪ್ರಯತ್ನಿಸಿ, ಖಂಡಿತ ಬರುತ್ತದೆ.

ಇನ್ನು ಸಲಕರಣೆ. ಅರ್ಧ ಅಂಗುಲ ಮತ್ತು ಒಂದಂಗುಲದ ಎರಡು ಉಳಿ, ಸಣ್ಣ ಹಲ್ಲಿನ ಒಂದು ಕೈಗರಗಸ, ಒಂದು ಕೊಡತಿ, ಮೂಲೆಮಟ್ಟ, ಮರದ ಮೈ ಹೆರೆದು ನಯಮಾಡಲು ಕಬ್ಬಿಣದ ಒಂದು ಹತ್ತರಿ, ಮರ ಬಿಗಿದು ಹಿಡಿಯಲು ಎರಡು ಕ್ಲಾಂಪ್. ತೂತಿಗೆ ಕೈಬೈರಿಗೆ ಸಾಕು. ನಿಮ್ಮ ದುಡ್ಡಿನಲ್ಲಿ ಇದಕ್ಕೆಲ್ಲ ಖರ್ಚಾಗಿ ಒಳ್ಳೆಯ ಪಾಲು ಮರಕ್ಕೆ ಉಳಿಯುತ್ತದೆ. ಅಂಗಡಿಯಿಂದ ತಂದ ಉಳಿ ಹರಿತವಾಗಿರುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಮೊದಲ ಭಾನುವಾರವನ್ನು ಪೂರ್ತಿ ಸಾಣೆಗೇ ಕೊಡಿ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮರಗೆಲಸವನ್ನು ಅರ್ಧಕ್ಕೆ ಬಿಟ್ಟ ನನ್ನ ಗೆಳೆಯರೆಲ್ಲ ಮೊಂಡು ಉಳಿಯಿಂದಲೇ ಬೇಸತ್ತು ಬಿಟ್ಟವರು.

ದಪ್ಪ ಗಾಜಿನ ಒಂದು ತುಂಡು ತನ್ನಿ. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ 400, 800, 1500, 2000 ನಂಬರಿನವು ಒಂದೊಂದು ಹಾಳೆ ತನ್ನಿ. ಗಾಜಿನ ಮೇಲೆ ನೀರು ಚಿಮುಕಿಸಿ ಹಾಳೆ ಅಂಟಿಸಿ. ಮೊದಲು ಉಳಿಯ ಬೆನ್ನನ್ನು, ಎಂದರೆ ಚಪ್ಪಟೆ ಮಗ್ಗುಲನ್ನು, ತುದಿಯ ಒಂದಂಗುಲ ಕನ್ನಡಿಯಂತಾಗುವವರೆಗೆ ಉಜ್ಜಿ. ಆಮೇಲೆ ಇಳಿಜಾರು ಮಗ್ಗುಲನ್ನು 25 ಡಿಗ್ರಿ ಕೋನದಲ್ಲಿ ಹಿಡಿದು ಹಿಂದಕ್ಕೆಳೆಯಿರಿ. ಬೆನ್ನಿನ ಕಡೆ ಬೆರಳಾಡಿಸಿದಾಗ ಅಂಚಿನಲ್ಲಿ ಸಣ್ಣ ಮುರುಗು ಉಗುರಿಗೆ ತಗುಲಿದರೆ ಆ ಹಾಳೆಯ ಕೆಲಸ ಮುಗಿಯಿತು, ಮುಂದಿನದಕ್ಕೆ ಹೋಗಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹತ್ತಾರು ಸಲ ಎಳೆದರೆ ಮುರುಗು ಉದುರುತ್ತದೆ. ಹರಿತವಾಯಿತೇ ಎಂದು ಕೈಯ ಕೂದಲು ಬೋಳಿಸಿ ನೋಡಬೇಡಿ. ಮೆದು ಮರದ ತುಂಡೊಂದರ ತುದಿಯನ್ನು, ನಾರು ಕೊನೆಯಾಗುವ ಕಡೆ, ತೆಳ್ಳಗೆ ಸವರಿ ನೋಡಿ. ಮೊಂಡಾಗಿದ್ದರೆ ನಾರು ಜಜ್ಜಿಹೋಗಿ ಬೆಳ್ಳಗೆ ಸುಣ್ಣದಂತೆ ಕಾಣುತ್ತದೆ. ಹರಿತವಾಗಿದ್ದರೆ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಮರದ ಸಣ್ಣ ಸಣ್ಣ ರಂಧ್ರಗಳೂ ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ. ಅದನ್ನು ಒಮ್ಮೆ ಕಂಡವರಿಗೆ ಮತ್ತೆ ಮೊಂಡು ಉಳಿ ಹಿಡಿಯಲು ಮನಸ್ಸು ಬರುವುದಿಲ್ಲ.

ಮರ ಎಲ್ಲಿಂದ ತರುವುದು? ಹಳೆಯ ಮನೆಗಳನ್ನು ಕೆಡವಿದಾಗ ಬರುವ ಬಾಗಿಲು, ಕಿಟಕಿ, ತೊಲೆಗಳನ್ನು ಮಾರುವವರನ್ನು ಮೊದಲು ವಿಚಾರಿಸಿ. ತೇಗ, ಹೊನ್ನೆ, ಮತ್ತಿ, ಹಲಸು ಎಲ್ಲವೂ ಅಲ್ಲಿ ಸಿಗುತ್ತವೆ. ದಶಕಗಳ ಕಾಲ ಒಣಗಿದ ಚೇಗು, ಎಂದರೆ ಮರದ ಒಳಗಿನ ಗಟ್ಟಿ ಭಾಗ, ಅದು. ಮುರಿದ ಮೊಳೆಗಳು ಒಳಗಿರುತ್ತವೆ, ಗರಗಸ ಇಡುವ ಮುನ್ನ ಆಯಸ್ಕಾಂತ ಆಡಿಸಿ. ಹೊಸ ಮರವೇ ಬೇಕಾದರೆ ಅಭ್ಯಾಸಕ್ಕೆ ಸಿಲ್ವರ್ ಓಕ್ ಅಥವಾ ಹೆಬ್ಬೇವು ಸಾಕು, ತೇಗಕ್ಕೆ ಹೋಲಿಸಿದರೆ ಅಗ್ಗ. ಸಾಮಿಲ್ಲಿನಲ್ಲಿ ಹಸಿ ಹಲಗೆ ಕೊಟ್ಟರೆ ತರಬೇಡಿ. ಎತ್ತಿ ನೋಡಿದಾಗ ಗಾತ್ರಕ್ಕೆ ಮೀರಿದ ಭಾರವಿದ್ದರೆ, ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಅದು ಹಸಿ. ಬೀಟೆಯ ಆಸೆಯನ್ನು ಸದ್ಯಕ್ಕೆ ಬಿಡಿ. ದುಬಾರಿ, ಗಟ್ಟಿ, ಅದರ ಪುಡಿ ಕೆಲವರ ಚರ್ಮಕ್ಕೂ ಮೂಗಿಗೂ ಆಗುವುದಿಲ್ಲ.

ಬೀಟೆಯ ಕೆಲಸ ನೋಡಲು ಮೈಸೂರಿಗಿಂತ ಒಳ್ಳೆಯ ಜಾಗವಿಲ್ಲ, ಅದನ್ನಂತೂ ತಪ್ಪಿಸಬೇಡಿ. ಅರಮನೆಯ ಅಂಬಾವಿಲಾಸದ ಬಾಗಿಲುಗಳಲ್ಲಿ ಬೀಟೆಯೊಳಗೆ ದಂತ ಕೂರಿಸಿದ್ದಾರೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ ಅರಮನೆ ಇದು. ಈಗ ದಂತದ ವ್ಯಾಪಾರಕ್ಕೆ ನಿಷೇಧವಿದೆ. ಮಂಡಿ ಮೊಹಲ್ಲಾದ ಕುಸುರಿ ಕೆಲಸಗಾರರು ಬೇರೆ ಬೇರೆ ಮರಗಳ ಸಹಜ ಬಣ್ಣದಿಂದಲೇ ಆನೆ, ನವಿಲು, ಊರಿನ ದೃಶ್ಯಗಳನ್ನು ಕೂರಿಸುತ್ತಾರೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ. ತಂತಿಯಂಥ ಗರಗಸದಲ್ಲಿ ತುಂಡು ಕೊಯ್ದು, ಬೀಟೆಯ ಹಲಗೆಯ ಮೇಲೆ ಅದರ ಅಂಚಿನ ಗೆರೆ ಎಳೆದು, ಗೆರೆಯೊಳಗೆ ಅಷ್ಟೇ ಆಳದ ಗುಳಿ ತೆಗೆದು ಅಂಟಿಸುತ್ತಾರೆ. ಒಮ್ಮೆ ಒಬ್ಬ ವಿದ್ಯಾರ್ಥಿಯ ತಂದೆಯ ಪಕ್ಕ ಒಂದು ಗಂಟೆ ಕೂತು ಇದನ್ನು ನೋಡಿದೆ. ಆ ಒಂದು ಗಂಟೆಯಲ್ಲಿ ಅವರು ಮೂರು ಸಲ ಉಳಿ ಮಸೆದರು. ನಾನು ಆಗ ತಿಂಗಳಿಗೊಮ್ಮೆ ಮಸೆಯುತ್ತಿದ್ದೆ, ಅಂದಿನಿಂದ ಬದಲಾಯಿಸಿಕೊಂಡೆ. ಶ್ರೀರಂಗಪಟ್ಟಣಕ್ಕೆ ಹೋದಾಗ 1784ರ ದರಿಯಾ ದೌಲತ್‌ನಲ್ಲಿ ಗೋಡೆಯ ಚಿತ್ರಗಳ ಜೊತೆಗೆ ತೇಗದ ಕಂಬಗಳನ್ನೂ ನಿಂತು ನೋಡಿ.

ಮಣೆಯ ನಂತರ ಏನು ಎಂದರೆ, ಮನೆಗೆ ಬೇಕಾದದ್ದು. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ದಸರಾ ಗೊಂಬೆ ಕೂರಿಸುವ ಮೆಟ್ಟಿಲು. ಪ್ರತಿವರ್ಷ ಟ್ರಂಕು, ಪುಸ್ತಕದ ರಾಶಿ, ಸ್ಟೂಲು ಜೋಡಿಸಿ ಅಮ್ಮ ಪಂಚೆ ಹೊದಿಸುತ್ತಿದ್ದರು. ಈ ಸಲ ಐದು ಬೆಂಚು ಮಾಡುತ್ತಿದ್ದೇನೆ. ಎಲ್ಲವೂ ಒಂಬತ್ತು ಅಂಗುಲ ಆಳ, ಎತ್ತರ 8, 16, 24, 32, 40 ಅಂಗುಲ. ಪ್ರತಿಯೊಂದೂ ತನಗಿಂತ ಎತ್ತರದ್ದಕ್ಕಿಂತ ಉದ್ದದಲ್ಲಿ ಎರಡಂಗುಲ ಕಿರಿದು. ಹಬ್ಬ ಮುಗಿದ ಮೇಲೆ ಒಂದರ ಕೆಳಗೊಂದು ತೂರಿ, ಐದೂ ಸೇರಿ ಒಂದೇ ಬೆಂಚಿನ ಜಾಗ ಹಿಡಿಯುತ್ತವೆ. ಇದಕ್ಕೆ 18 ಮಿಲಿಮೀಟರ್ ಪ್ಲೈವುಡ್ ಬಳಸಿದ್ದೇನೆ. ಅದರ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಟಿಸಿರುವುದರಿಂದ ಹಿಗ್ಗಾಟ ತೀರಾ ಕಡಿಮೆ, ಎರಡು ಬದಿಯ ದಪ್ಪ ಕಳೆದು ಉಳಿಯುವ ಅರ್ಧ ಅಂಗುಲದ ಸಡಿಲ ವರ್ಷವಿಡೀ ಸಾಲುತ್ತದೆ. ಹಿಂದಿನ ಎತ್ತರದ ಬೆಂಚು ಒಂಟಿಯಾಗಿ ನಿಲ್ಲಿಸಿದರೆ ಓಲಾಡುತ್ತದೆ, ಆದ್ದರಿಂದ ಒಂದನ್ನೊಂದು ಬೋಲ್ಟಿನಿಂದ ಹಿಡಿಸಬೇಕು. ಮೂರು ಬೆಂಚು ಮುಗಿದಿವೆ. ಅಮ್ಮ ಬಂದು 40 ಅಂಗುಲದ ಎತ್ತರಕ್ಕೆ ಕೈ ಚಾಚಿ, ಪಟ್ಟದ ಗೊಂಬೆಗಳನ್ನು ಇಡಲು ತಮಗೆ ಎಟುಕುತ್ತದೆ ಎಂದು ಖಾತ್ರಿ ಮಾಡಿಕೊಂಡು ಹೋದರು.

ಈ ಬೆಂಚುಗಳ ಹೊತ್ತಿಗೆ ನನಗೆ ಡ್ರಿಲ್ ಬೇಕಾಯಿತು, ಜಿಗ್‌ಸಾ ಎಂಬ ವಿದ್ಯುತ್ ಗರಗಸ ಬೇಕಾಯಿತು. ನಿಮಗೂ ಬೇಕಾಗುತ್ತದೆ. ಅದೇ ಕ್ರಮದಲ್ಲಿ ಕೊಳ್ಳಿ. ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಮರದ ಬ್ಲೇಡ್ ಹಾಕಿ ಕೊಯ್ಯುವವರನ್ನು ನೋಡುತ್ತೀರಿ, ಅದನ್ನು ಯಾವತ್ತೂ ಮಾಡಬೇಡಿ. ಬ್ಲೇಡ್ ಮರದಲ್ಲಿ ಕಚ್ಚಿಕೊಂಡ ಕ್ಷಣ ಯಂತ್ರ ನಿಮ್ಮ ಕಡೆಗೇ ಚಿಮ್ಮುತ್ತದೆ. ಮರಳು ಕಾಗದ ಉಜ್ಜುವಾಗ ಮಾಸ್ಕ್ ಇರಲಿ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ. ಮಣೆಗೆ ಅಗಸೆ ಎಣ್ಣೆ ಹಚ್ಚಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಹರಡಿ ಒಣಗಿಸಿ. ಬಾಡಿಗೆ ಮನೆಯಾದ್ದರಿಂದ ಇನ್ನೊಂದು ಮಾತು. ಕೊಡತಿಯ ಕೆಲಸವನ್ನು ಬೆಳಗ್ಗೆ ಒಂಬತ್ತರ ನಂತರ ಇಟ್ಟುಕೊಳ್ಳಿ, ಸಾಣೆ ಮತ್ತು ಹತ್ತರಿ ಎಷ್ಟು ಬೇಗ ಆರಂಭಿಸಿದರೂ ಪಕ್ಕದ ಮನೆಗೆ ಕೇಳುವುದಿಲ್ಲ.

ಹಲಗೆ ತಂದ ದಿನವೇ ಕೊಯ್ಯಬೇಡಿ. ಮನೆಯೊಳಗೆ ಎರಡು ಮೂರು ವಾರ, ಕೆಳಗೆ ರೀಪರಿನ ತುಂಡುಗಳನ್ನು ಕೊಟ್ಟು, ಎಲ್ಲ ಕಡೆ ಗಾಳಿಯಾಡುವಂತೆ ಮಲಗಿಸಿಡಿ. ಅಷ್ಟರಲ್ಲಿ ಉಳಿ ಮಸೆಯುವುದು ಕೈಗೆ ಬಂದಿರುತ್ತದೆ. ಮಣೆ ಮುಗಿದ ಮೇಲೆ ಹಲಗೆಯ ಅಂಚು ಪಟ್ಟಿಯ ಮೇಲೆ ಎಲ್ಲಿಗೆ ಬರುತ್ತದೋ ಅಲ್ಲಿ ಚೂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆಯಿರಿ. ಏಪ್ರಿಲ್‌ನಲ್ಲಿ ಮಗುಚಿ ನೋಡಿ, ಅಂಚು ಗೆರೆಯಿಂದ ಎಷ್ಟು ಸರಿದಿದೆ ಎಂದು ಅಳೆದು, ಯಾವ ಮರ ಎಂಬುದರ ಜೊತೆಗೆ ನನಗೆ ಬರೆದು ತಿಳಿಸಿ. ನನ್ನ ಬಳಿ ತೇಗ, ಹಲಸು, ಹೊನ್ನೆಯ ಲೆಕ್ಕವಿದೆ, ಹೆಬ್ಬೇವಿನದು ಇನ್ನೂ ಇಲ್ಲ.