ಮಿಷಿನ್ ಮನೆ ಅಂದರೆ ನಾಚಿಕೆ ಯಾಕೆ?

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ:

"ನಮ್ಮೂರಿಗೆ ಮೊದಲ ಅಕ್ಕಿ ಮಿಲ್ಲು ತಂದವರ ತೊಟ್ಟಿ ಮನೆ ಇನ್ನೂ ನಿಂತಿದೆ. ಊರವರು ಅದನ್ನು ಮಿಷಿನ್ ಮನೆ ಅನ್ನುತ್ತಾರೆ. ಮಕ್ಕಳು, ಮೊಮ್ಮಕ್ಕಳು ಈಗ ಕೆಡವುವ ಮಾತಾಡುತ್ತಿದ್ದಾರೆ. ಅದು ಪಾಳೇಗಾರರ ಕಾಲದ್ದು, ಇನ್ನೂರು ವರ್ಷ ಹಳೆಯದು ಎಂದು ಹಿರಿಯರ ಮಾತು. ಮಂಗಳೂರು ಹೆಂಚು, ಹಜಾರದಲ್ಲಿ ‘ಟಾಟಾ’ ಎಂದು ಅಚ್ಚಿರುವ ಉಕ್ಕಿನ ತೊಲೆ, ಎಲ್ಲ ಗಟ್ಟಿಯಾಗಿವೆ. ನೀವು ಬರೆದರೆ ಉಳಿದೀತು. ಆದರೆ ದಯವಿಟ್ಟು ಮಿಷಿನ್ ಮನೆ ಎಂದು ಮಾತ್ರ ಬರೆಯಬೇಡಿ, ತೂಕ ಕಡಿಮೆಯಾಗುತ್ತದೆ."

ಮೇಷ್ಟ್ರೇ, ಕಾಗದ ಓದಿ ಖುಷಿಯಾಯಿತು. ಒಂದು ಮನೆ ಬೀಳುತ್ತದೆ ಅಂತ ನಾಲ್ಕು ಪುಟ ಕೈಬರಹದಲ್ಲಿ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ಆದರೆ "ತೂಕ ಕಡಿಮೆಯಾಗುತ್ತದೆ" ಎಂಬಲ್ಲಿಗೆ ಬಂದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

ನಿಮ್ಮ ಸೀಮೆಯಲ್ಲಿ ಪಾಳೇಗಾರರ ನೆನಪು ದೊಡ್ಡದು, ಒಪ್ಪುತ್ತೇನೆ. ಐಗೂರಿನ ಪಾಳೇಗಾರ ಇಂಗ್ಲಿಷರಿಗೆ ಬಗ್ಗದೆ 1802ರಲ್ಲಿ ಗಲ್ಲಿಗೇರಿದವನು. ಅವನ ಹೆಸರು ಮನೆಗೆ ಅಂಟಿಸಿಕೊಳ್ಳೋಣ ಅಂತ ಯಾರಿಗೆ ಅನ್ನಿಸೋದಿಲ್ಲ ಹೇಳಿ. ಆದರೆ ಮೇಷ್ಟ್ರೇ, ನಿಮ್ಮ ಕಾಗದವೇ ನಿಮಗೆ ಎದುರು ಸಾಕ್ಷಿ ನುಡಿಯುತ್ತಿದೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದೇ 1865ರಲ್ಲಿ. ಅದಕ್ಕೆ ಮುಂಚೆ ನಮ್ಮ ಕಡೆ ಇದ್ದದ್ದು ಹುಲ್ಲು, ಇಲ್ಲದಿದ್ದರೆ ಕುಂಬಾರರ ನಾಡಹೆಂಚು. ಟಾಟಾದವರ ಕಾರ್ಖಾನೆಯಿಂದ ಉಕ್ಕು ಹೊರಬಂದದ್ದು 1912ರಲ್ಲಿ. ಹಳೇ ಗೋಡೆಗೆ ಹೊಸ ಹೆಂಚು ಹೊದಿಸಿರಬಹುದು ಅಂತ ನೀವು ವಾದಿಸಬಹುದು. ಸರಿ. ಆದರೆ ಆ ತೊಲೆಯನ್ನು ಪಾಳೇಗಾರ ಎಲ್ಲಿಂದ ತಂದ?

ನನ್ನನ್ನು ಕೇಳಿದರೆ ಆ ತೊಲೆಯೇ ಜಾಸ್ತಿ ಕುತೂಹಲದ್ದು. ಅದು ನಿಮ್ಮೂರಿಗೆ ಯಾವ ದಾರಿಯಲ್ಲಿ ಬಂತು? ಯಾವ ಸ್ಟೇಷನ್ನಿನಲ್ಲಿ ಇಳಿಯಿತು? ಎಷ್ಟು ಜೋಡಿ ಎತ್ತು ಎಳೆದವು? ಹಾಸನ-ಮಂಗಳೂರು ರೈಲು ಮುಗಿದದ್ದು 1979ರಲ್ಲಿ. ಅಲ್ಲಿಯವರೆಗೆ ಹೆಂಚು ಘಟ್ಟ ಹತ್ತಿದ್ದು ಮೊದಮೊದಲು ಎತ್ತಿನ ಗಾಡಿಯಲ್ಲಿ, ಮುಂದೆ ಲಾರಿಯಲ್ಲಿ. ಒಂದೊಂದು ಹೆಂಚನ್ನೂ ಹುಲ್ಲಿನಲ್ಲಿ ಸುತ್ತಿ ಮೇಲೆ ತಂದವರ ಕಥೆ ಪಾಳೇಗಾರನ ಕಥೆಗಿಂತ ಸಣ್ಣದೇ?

ನಮ್ಮೂರಲ್ಲೂ ಒಂದು ಮಿಲ್ಲಿತ್ತು. ಎರಡು ಭಾರೀ ಗಾಲಿಯ ಕ್ರೂಡಾಯಿಲ್ ಇಂಜಿನ್. ಬ್ಲೋಲ್ಯಾಂಪಿನಲ್ಲಿ ಅದರ ತಲೆ ಕಾಯಿಸಿ, ಇಬ್ಬರು ಗಾಲಿ ಹಿಡಿದು ಜಗ್ಗಬೇಕು. ಹೊಗೆ ಕೊಳವೆಯ ಬಾಯಿಗೆ ಒಂದು ಡಬ್ಬ ಸಿಕ್ಕಿಸಿದ್ದರು. ಅದರಿಂದ ಹೊರಡುವ ‘ಕುಕ್ ಕುಕ್’ ಎರಡು ಮೈಲಿ ಕೇಳುತ್ತಿತ್ತು. ಇವತ್ತು ಮಿಲ್ಲು ಓಡುತ್ತಿದೆ, ಭತ್ತ ತನ್ನಿ ಅಂತ ಡಂಗುರ ಅದೇ. ನಾವು ಹುಡುಗರು ಬೆಲ್ಟಿನ ಹತ್ತಿರ ಹೋಗಿ ಬೈಸಿಕೊಂಡು ಬರುತ್ತಿದ್ದೆವು.

ಅಲ್ಲಿದ್ದದ್ದು ಹಲ್ಲರ್. ಮೇಲೆ ಭತ್ತ ಸುರಿದರೆ ಒಳಗಿನ ಕಬ್ಬಿಣದ ಉರುಳೆ ಅದನ್ನು ಜಾಲರಿಗೆ ಉಜ್ಜುತ್ತದೆ. ಹೊಟ್ಟು, ತೌಡು ಕಲೆತು ಕೆಳಗೆ ಬೀಳುತ್ತವೆ. ನುಚ್ಚೂ ಜಾಸ್ತಿಯೇ. ಈ ಯಂತ್ರ ಹುಟ್ಟಿದ್ದು 1880ರ ದಶಕದಲ್ಲಿ, ಬ್ರೆಜಿಲ್‌ನಲ್ಲಿ. ಎಂಗೆಲ್‌ಬರ್ಗ್ ಎಂಬಾತ ಮಾಡಿದ್ದು. ಅದು ಕಾಫಿಯನ್ನೂ ಸುಲಿಯುತ್ತಿತ್ತು, ಭತ್ತವನ್ನೂ ಸುಲಿಯುತ್ತಿತ್ತು. ಗುಡ್ಡದ ಮೇಲೆ ಕಾಫಿ, ಕೆಳಗೆ ಗದ್ದೆ ಇರುವ ನಮ್ಮ ಸೀಮೆಗೆ ಹೇಳಿ ಮಾಡಿಸಿದ ಹಾಗಿಲ್ಲವೇ?

ಮಿಲ್ಲಿನ ಮೇಲೆ ಬಂದ ದೂರುಗಳೂ ಸುಳ್ಳಲ್ಲ. ಗಾಂಧೀಜಿ 1934ರಲ್ಲಿ ಗ್ರಾಮೋದ್ಯೋಗ ಸಂಘ ಕಟ್ಟಿದಾಗ, ಮಿಲ್ಲಿನ ಅಕ್ಕಿ ಬಿಡಿ, ಕುಟ್ಟಿದ ಅಕ್ಕಿ ತಿನ್ನಿ ಎಂದರು. ತೌಡು ಹೋದ ಅಕ್ಕಿಯನ್ನೇ ತಿಂದವರಿಗೆ ಬೆರಿಬೆರಿ ರೋಗ ಬರುತ್ತದೆ ಎಂದು ವಿಜ್ಞಾನಿಗಳೂ ತೋರಿಸಿದ್ದರು. ಆದರೆ ಗಾಂಧೀಜಿ ಭತ್ತ ಕುಟ್ಟಬೇಕಾಗಿರಲಿಲ್ಲ, ನಮ್ಮಜ್ಜಿ ಕುಟ್ಟಬೇಕಾಗಿತ್ತು. ಕೋಳಿ ಕೂಗುವ ಮೊದಲೇ ಒನಕೆ ಹಿಡಿದು, ಹದಿನಾಲ್ಕು ಜನರ ಮನೆಗೆ. "ಮಿಲ್ಲು ಬಂದ ವರ್ಷ ನನ್ನ ರಟ್ಟೆ ನನಗೆ ವಾಪಸ್ ಸಿಕ್ಕಿತು" ಅನ್ನುತ್ತಿದ್ದರು. ನಮ್ಮ ಹಿಂದಿನ ಬೀದಿಯ ಒಬ್ಬಾಕೆ ಇದಕ್ಕೆ ನಗುತ್ತಿರಲಿಲ್ಲ. ಆಕೆ ನಾಲ್ಕು ಮನೆಗೆ ಕೊಟ್ಟಣ ಕುಟ್ಟಿ, ನುಚ್ಚು ತೌಡು ಕೂಲಿಗೆ ಪಡೆಯುತ್ತಿದ್ದವರು. ಅದೇ ವರ್ಷ ಆ ನುಚ್ಚೂ ನಿಂತಿತು. ನಿಮ್ಮ ಮಿಷಿನ್ ಮನೆಯ ಕಂಬಗಳ ಹಿಂದೆ ಇಂಥ ಇಬ್ಬರೂ ನಿಂತಿರುತ್ತಾರೆ. ಪಾಳೇಗಾರನ ಮನೆ ಎಂದು ಬರೆದರೆ ಇಬ್ಬರೂ ಹೊರಗೆ ಹೋಗುತ್ತಾರೆ.

ಈ ಚಾಳಿ ನಿಮ್ಮೊಬ್ಬರದೇ ಅಲ್ಲ. 2023ರಲ್ಲಿ ಬೇಲೂರು ಹಳೇಬೀಡು ಯುನೆಸ್ಕೊ ಪಟ್ಟಿಗೆ ಸೇರಿದಾಗ ನಾವೂ ಪುಟಗಟ್ಟಲೆ ಬರೆದೆವು. ಬರೆಯಬೇಕಾದದ್ದೇ. ಆದರೆ ಹಳೇಬೀಡಿಗೆ ಪ್ರವಾಸ ಹೋದ ಶಾಲೆ ಮಕ್ಕಳನ್ನು ನಿಮ್ಮೂರಿನ ಮಿಲ್ಲು ಯಾವಾಗ ಬಂತು ಅಂತ ಕೇಳಿ ನೋಡಿ, ಅವರ ಮೇಷ್ಟ್ರಿಗೇ ಗೊತ್ತಿರೋದಿಲ್ಲ. (ನಿಮ್ಮನ್ನು ಬಿಟ್ಟು.) ಶಾಸನತಜ್ಞ ಬಿ.ಎಲ್. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಕೂಡಿಸಿ 1902ರಲ್ಲೇ ಅಚ್ಚು ಹಾಕಿಸಿದರು. ರೈಸ್ ಮಿಲ್ಲಿನ ಲೆಕ್ಕ ಬರೆದಿಡಲು ಮಾತ್ರ ಯಾವ ಸಾಹೇಬರೂ ಬರಲಿಲ್ಲ. ಕಲ್ಲಿನ ಮೇಲಿದ್ದರೆ ಚರಿತ್ರೆ, ಕಡತದಲ್ಲಿದ್ದರೆ ರದ್ದಿ! ನಮ್ಮ ಮನೆಯ ಹಳೇ ಲೆಕ್ಕದ ಪುಸ್ತಕಗಳು ಒಂದು ಮಳೆಗಾಲವಿಡೀ ಬಚ್ಚಲ ಒಲೆ ಹೊತ್ತಿಸಿದವು. ಆ ಬಿಸಿನೀರಲ್ಲಿ ನಾನೂ ಸ್ನಾನ ಮಾಡಿದೆ. ಈಗ ಹಳೇ ಮನೆ ಬಿದ್ದರೆ ಕಂಬ ಹೋಂಸ್ಟೇಗೆ, ಬಾಗಿಲು ಬೆಂಗಳೂರಿಗೆ, ಕಾಗದ ಗುಜರಿಗೆ. ಹೋಂಸ್ಟೇಯಲ್ಲಿ ಆ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುವವರಿಗೆ ಅದರ ಊರಿನ ಹೆಸರೂ ಬೇಡ.

ಬರೆದರೆ ಮನೆ ಉಳಿದೀತು ಎಂದಿದ್ದೀರಿ. ಮಾತು ಕೊಡಲಾರೆ. ಮನೆ ಅವರದು, ಸೋರುವ ಮಾಡು ಅವರದು, ರಿಪೇರಿ ಖರ್ಚೂ ಅವರದೇ. ನಾವು ಸುಮ್ನೆ ಹೊರಗೆ ನಿಂತು ಉಪದೇಶ ಮಾಡಬಾರದು. ಆದರೆ ಕೆಡವುವ ಮುಂಚೆ ನಿಮ್ಮಿಂದ ಆಗುವ ಕೆಲಸ ಇದೆ. ಮಳೆ ನಿಂತ ಮೇಲೆ ಯಾರಾದರೂ ಹುಡುಗನನ್ನು ಹತ್ತಿಸಿ ಒಂದು ಹೆಂಚು ಇಳಿಸಿ (ನೀವು ಹತ್ತಬೇಡಿ). ಅದರ ಅಡಿಯಲ್ಲಿ ಕಾರ್ಖಾನೆಯ ಹೆಸರಿರುತ್ತದೆ, ಕೆಲವು ಸಲ ವರ್ಷವೂ ಇರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಪತ್ರದ ನಕಲು ಕೇಳಿ. ಅಕ್ಕಿ ಮಿಲ್ಲುಗಳಿಗೆ ಪರವಾನಗಿ ಬೇಕು ಎಂಬ ಕಾನೂನು 1958ರಲ್ಲಿ ಬಂತು, ಆಗಲೂ ಮಿಲ್ಲು ಓಡುತ್ತಿದ್ದರೆ ಆ ಕಾಗದ ಮನೆಯ ಯಾವುದೋ ಟ್ರಂಕಿನಲ್ಲಿರಬಹುದು. ಇಂಜಿನ್ನಿನ ಹಿತ್ತಾಳೆ ಬಿಲ್ಲೆ ಸಿಕ್ಕರಂತೂ ಗುಜರಿಯವನಿಗಿಂತ ಮೊದಲು ನೀವು ಫೋಟೊ ತೆಗೆಯಿರಿ.

ಇದೆಲ್ಲಕ್ಕೂ ಮುಂಚೆ, ಕಾಗದದ ಕೊನೆಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಲ್ಲ, ಆ ಮನೆಯ ತೊಂಬತ್ತು ದಾಟಿದ ಅಜ್ಜಿ, ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಈ ವಾರವೇ. ಮೊದಲ ದಿನ ಇಂಜಿನ್ ಶುರುವಾದಾಗ ಯಾರು ಹೆದರಿ ಓಡಿದರು, ಕೊಟ್ಟಣಕ್ಕೆ ಕೂಲಿ ಎಷ್ಟು, ಒನಕೆ ಎಲ್ಲಿಟ್ಟರು ಅಂತ ಕೇಳಿ. ಬರೆದು ಕಳಿಸಿ, ನಾಲ್ಕು ಪುಟ ಬಿಟ್ಟಿರುತ್ತೇನೆ. ತಲೆಬರಹ ಮಾತ್ರ ‘ಮಿಷಿನ್ ಮನೆ’ ಅಂತಲೇ. ಟ್ರಂಕಿನಲ್ಲಿ ಪಾಳೇಗಾರನ ಕಾಗದ ಸಿಕ್ಕಿದರೆ ಅದನ್ನೂ ಕಳಿಸಿ, ಐದನೇ ಪುಟದಲ್ಲಿ ನನ್ನ ತಪ್ಪೊಪ್ಪಿಗೆ ಹಾಕೋಣ.

— ಸಂಪಾದಕ